ವೋಟು ಹಾಕಿ ತೀರ್ಮಾನ ಮಾಡುತ್ತಿದ್ದ ಫುಟ್‌ಬಾಲ್ ತಂಡ

ಪ್ರಶ್ನೆ: ಬ್ರೆಜಿಲ್‌ನಲ್ಲಿ ಸೇನೆಯ ಆಡಳಿತ ಇದ್ದಾಗ ಒಂದು ಫುಟ್‌ಬಾಲ್ ಕ್ಲಬ್ ಅದರ ವಿರುದ್ಧ ನಿಂತಿತ್ತಂತೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ. ಅದು ಸಾವೊ ಪೌಲೊ ನಗರದ ಕೊರಿಂಥಿಯನ್ಸ್. 1964ರಿಂದ 1985ರವರೆಗೆ ಬ್ರೆಜಿಲ್ ಸೇನೆಯ ಹಿಡಿತದಲ್ಲಿತ್ತು, ಜನರಿಗೆ ತಮ್ಮ ಅಧ್ಯಕ್ಷನನ್ನು ಆರಿಸುವ ಹಕ್ಕೇ ಇರಲಿಲ್ಲ. ಅಂಥ ಹೊತ್ತಲ್ಲಿ, 1980ರ ದಶಕದ ಆರಂಭದಲ್ಲಿ, ಈ ಕ್ಲಬ್ಬಿನೊಳಗೆ ಎಲ್ಲದಕ್ಕೂ ವೋಟು ಶುರುವಾಯಿತು. ತಂಡಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಅಭ್ಯಾಸ ಯಾವಾಗ, ಪಂದ್ಯಕ್ಕೆ ಮುಂಚೆ ಆಟಗಾರರನ್ನು ಹೋಟೆಲಿನಲ್ಲಿ ಕೂಡಿಹಾಕುವ ಹಳೇ ಪದ್ಧತಿ ಬೇಕೋ ಬೇಡವೋ, ಎಲ್ಲವನ್ನೂ ಕೂತು ಮಾತಾಡಿ ತೀರ್ಮಾನಿಸುತ್ತಿದ್ದರು. ಸ್ಟಾರ್ ಆಟಗಾರನಿಗೂ ಒಂದೇ ವೋಟು, ಬಟ್ಟೆ ಬೂಟು ನೋಡಿಕೊಳ್ಳುವವನಿಗೂ ಒಂದೇ ವೋಟು! ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಇದರ ಮುಂದಾಳುಗಳು ತಂಡದ ಆಟಗಾರರೇ: ಡಾಕ್ಟರ್ ಓದಿದ್ದ ಸಾಕ್ರಟೀಸ್, ಜೊತೆಗೆ ವ್ಲಾದಿಮಿರ್, ಕಾಸಗ್ರಾಂಡೆ. ಸಮಾಜಶಾಸ್ತ್ರ ಓದಿದ್ದ ಕ್ಲಬ್ಬಿನ ನಿರ್ದೇಶಕ ಆದಿಲ್ಸನ್ ಅವರ ಬೆನ್ನಿಗಿದ್ದರು. 1982ರ ನವೆಂಬರ್‌ನಲ್ಲಿ ರಾಜ್ಯಗಳ ಗವರ್ನರ್ ಚುನಾವಣೆ ಬಂದಾಗ ‘15ರಂದು ವೋಟು ಹಾಕಿ’ ಎಂದು ಜರ್ಸಿಯ ಬೆನ್ನ ಮೇಲೆ ಬರೆಸಿಕೊಂಡು ಮೈದಾನಕ್ಕಿಳಿದರು. ಸುಮ್ನೆ ಘೋಷಣೆ ಕೂಗಿದ ತಂಡವೂ ಅಲ್ಲ ಇದು, 1982 ಮತ್ತು 1983ರಲ್ಲಿ ರಾಜ್ಯ ಚಾಂಪಿಯನ್‌ಶಿಪ್ ಗೆದ್ದಿತು.

1984ರ ಏಪ್ರಿಲ್‌ನಲ್ಲಿ, ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ತಿದ್ದುಪಡಿ ಪಾಸಾದರೆ ಇಟಲಿಯ ಕ್ಲಬ್ಬಿಗೆ ಆಡಲು ಹೋಗುವುದಿಲ್ಲ ಎಂದು ಸಾಕ್ರಟೀಸ್ ಭಾರಿ ಜನಸಾಗರದ ಮುಂದೆ ಮಾತು ಕೊಟ್ಟರು. ಸಂಸತ್ತಿನಲ್ಲಿ 22 ಮತ ಕಡಿಮೆ ಬಿತ್ತು. ತಿದ್ದುಪಡಿ ಪಾಸಾಗಲಿಲ್ಲ, ಅವರು ಇಟಲಿಯ ಫಿಯೊರೆಂಟಿನಾ ಕ್ಲಬ್ ಸೇರಿದರು. ಬ್ರೆಜಿಲ್ ಜನ ತಮ್ಮ ಅಧ್ಯಕ್ಷನನ್ನು ನೇರವಾಗಿ ಆರಿಸಲು 1989ರ ತನಕ ಕಾಯಬೇಕಾಯಿತು.