ಸುತ್ತಲಿನ ದೇಶಗಳಲ್ಲಿ ಯುದ್ಧದ ಆತಂಕ ಇರುವಾಗ ವಿದೇಶಿ ಮಾಧ್ಯಮಗಳ ಮೇಲೆ ನಿಗಾ ಇಡುವ ಕಚೇರಿಯನ್ನು ನಡೆಸುವುದು ಹೇಗೆ? ಹಾಸನದಂಥ ಊರಿನಲ್ಲಿ ಅದು ಸಾಧ್ಯವೇ?

ಸಾಧ್ಯ. ನಾನು ಹಾಸನದಲ್ಲೇ ಅಂಥದೊಂದು ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಇದು ಸರ್ಕಾರಿ ಕಚೇರಿಯಲ್ಲ, ಗೂಢಚರ್ಯೆಯಂತೂ ಅಲ್ಲವೇ ಅಲ್ಲ. ಬೇರೆ ದೇಶಗಳ ಪತ್ರಿಕೆಗಳು, ಸುದ್ದಿ ಸಂಸ್ಥೆಗಳು, ವಾಹಿನಿಗಳು ಬಹಿರಂಗವಾಗಿ ಹೇಳಿದ್ದನ್ನು ಓದಿ, ಕೇಳಿ, ಸಾರಾಂಶ ಬರೆದು ಕೊಡುತ್ತೇವೆ. ಗಿರಾಕಿಗಳು ಹೆಚ್ಚಿನವರು ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕಾಫಿ, ಮೆಣಸು, ಏಲಕ್ಕಿ ರಫ್ತುದಾರರು. 2023ರ ನವೆಂಬರ್‌ನಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ವಶಪಡಿಸಿಕೊಂಡ ಮೇಲೆ ಯುರೋಪಿಗೆ ಹೋಗುವ ಕಂಟೇನರ್ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತತೊಡಗಿದವು. ಮಲೆನಾಡಿನ ವ್ಯಾಪಾರಿಗಳು ಹೂಥಿಗಳ ಹಿಡಿತದಲ್ಲಿರುವ ಸನಾ ನಗರದಿಂದ ಬರುವ ಹೇಳಿಕೆಗಳಿಗೆ ಕಿವಿಗೊಡಲು ಶುರು ಮಾಡಿದ್ದು ಆಗ.

ಈ ಕೆಲಸದ ಬಗ್ಗೆ ಒಂದೇ ಮಾತು ಹೇಳು ಎಂದರೆ ನಾನು ಹೇಳುವುದು ಇಷ್ಟು: ಏನಾಯಿತು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಅಧಿಕಾರದಿಂದ ಏನು ಹೇಳಿದರು ಎಂಬುದನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ದಾಟಿಸಬೇಕು. ಶಾಂತಿಯ ದಿನಗಳಲ್ಲಿ ಇದು ಸುಲಭ. ಆತಂಕದ ದಿನಗಳಲ್ಲಿ ಎಲ್ಲರೂ ‘ಏನಾಯಿತು ಹೇಳಿ’ ಎಂದು ದುಂಬಾಲು ಬೀಳುತ್ತಾರೆ. ಆಗ ಹೇಳಿದವರ ಹೆಸರು ಮೊದಲು ಉದುರಿಹೋಗುತ್ತದೆ, ಹೇಳಿಕೆಯೇ ಘಟನೆಯಾಗಿಬಿಡುತ್ತದೆ.

2025ರ ಜೂನ್ 22ರ ಉದಾಹರಣೆ ಕೊಡುತ್ತೇನೆ. ಇರಾನಿನ ಅಣು ಕೇಂದ್ರಗಳ ಮೇಲೆ ಅಮೆರಿಕ ದಾಳಿ ಮಾಡಿದ ದಿನ ಅದು. ‘ಹೊರ್ಮುಜ್ ಜಲಸಂಧಿ ಮುಚ್ಚಲು ಇರಾನ್ ಸಂಸತ್ತಿನ ಒಪ್ಪಿಗೆ’ ಎಂಬ ಶೀರ್ಷಿಕೆ ಸಂಜೆಯೊಳಗೆ ಎಲ್ಲ ಕಡೆ ಓಡಾಡುತ್ತಿತ್ತು. ದುಬೈನ ಜೆಬೆಲ್ ಅಲಿ ಬಂದರಿಗೆ ಹೋಗಲು ಆ ಜಲಸಂಧಿಯನ್ನು ದಾಟಬೇಕು, ಸೌದಿಯ ದಮ್ಮಾಮ್‌ಗೆ ಹೋಗಲೂ. ಅಲ್ಲಿಗೆ ಏಲಕ್ಕಿ ಕಳಿಸುವವರ ಎದೆ ಒಡೆಯದೆ ಇರುತ್ತದೆಯೇ? ನಮ್ಮ ಪಾಳಿಯವರು ಮೂಲ ವರದಿಗಳನ್ನು ತೆರೆದು ಓದಿದರು. ಹಾಗೆ ಹೇಳಿದವರು ಸಂಸತ್ತಿನ ರಾಷ್ಟ್ರೀಯ ಭದ್ರತಾ ಸಮಿತಿಯ ಒಬ್ಬ ಸದಸ್ಯರು. ಮುಚ್ಚಬೇಕೆಂಬ ಅಭಿಪ್ರಾಯಕ್ಕೆ ಸಂಸತ್ತು ಬಂದಿದೆ, ಆದರೆ ಕೊನೆಯ ನಿರ್ಧಾರ ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯದು ಎಂಬುದು ಅವರ ಮಾತಿನ ಸಾರ. ನಾವು ಹಾಗೆಯೇ ಬರೆದು, ಆ ಮಂಡಳಿ ಈವರೆಗೆ ಏನೂ ಹೇಳಿಲ್ಲ ಎಂಬ ಸಾಲನ್ನು ಸೇರಿಸಿ ಕಳಿಸಿದೆವು. ಆಗ ಜಲಸಂಧಿ ಮುಚ್ಚಲಿಲ್ಲ. ಮುಚ್ಚಿದ್ದರೂ ನಮ್ಮ ಟಿಪ್ಪಣಿ ಸರಿಯಾಗಿಯೇ ಇರುತ್ತಿತ್ತು. ಟಿಪ್ಪಣಿಯನ್ನು ಅಳೆಯಬೇಕಾದದ್ದು ಹಾಗೆ.

ಗಂಟೆಯ ವಿಷಯವನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪಾಕಿಸ್ತಾನ ನಮಗಿಂತ ಅರ್ಧ ಗಂಟೆ ಹಿಂದೆ, ಇರಾನ್ ಎರಡು ಗಂಟೆ, ಕತಾರ್ ಎರಡೂವರೆ. ಅದರ ಮೇಲೆ, ಹೇಳಿದ ಹೊತ್ತು ಬೇರೆ, ನಡೆದ ಹೊತ್ತು ಬೇರೆ. 2025ರ ಮೇ 10ರಂದು ನಮ್ಮ ವಿದೇಶಾಂಗ ಕಾರ್ಯದರ್ಶಿಗಳು ಕೊಟ್ಟ ಹೇಳಿಕೆಯನ್ನು ನೋಡಿ. ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ಕರೆ ಬಂದದ್ದು ಮಧ್ಯಾಹ್ನ 3.35ಕ್ಕೆ, ಕದನ ನಿಂತದ್ದು ಸಂಜೆ 5ಕ್ಕೆ, ಹೇಳಿಕೆ ಹೊರಬಿದ್ದದ್ದು ಅದಾದ ಮೇಲೆ. ಅಮೆರಿಕದ ಅಧ್ಯಕ್ಷರು ಅದಕ್ಕೂ ಮೊದಲೇ ತಮ್ಮ ಸಾಮಾಜಿಕ ಜಾಲತಾಣದ ಖಾತೆಯಲ್ಲಿ ಘೋಷಿಸಿಯಾಗಿತ್ತು. ಈ ಹೊತ್ತುಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯದಿದ್ದರೆ ಮಾರನೆಯ ದಿನ ಯಾರು ಯಾರಿಗಿಂತ ಮೊದಲು ಏನು ಹೇಳಿದರು ಎಂದು ಬಿಡಿಸಲು ಬ್ರಹ್ಮನಿಗೂ ಆಗುವುದಿಲ್ಲ.

ಆ ಮೇ ತಿಂಗಳು ಬೇರೆ ಕಾರಣಕ್ಕೂ ಕಷ್ಟದ್ದಾಗಿತ್ತು. ಪಹಲ್ಗಾಮ್ ದಾಳಿಯ ನಂತರ, ಏಪ್ರಿಲ್ ಕೊನೆಯಲ್ಲಿ, ಡಾನ್, ಜಿಯೋ ಸೇರಿದಂತೆ ಪಾಕಿಸ್ತಾನದ 16 ಯೂಟ್ಯೂಬ್ ವಾಹಿನಿಗಳನ್ನು ಕೇಂದ್ರ ಸರ್ಕಾರ ಭಾರತದಲ್ಲಿ ನಿರ್ಬಂಧಿಸಿತು. ಕಳ್ಳದಾರಿಯಿಂದ ನೋಡುವುದು ಬೇಡ ಎಂದು ನಾನು ಮೊದಲ ದಿನವೇ ಹೇಳಿದೆ. ಅಂತರರಾಷ್ಟ್ರೀಯ ಸುದ್ದಿ ಸಂಸ್ಥೆಗಳು ಉಲ್ಲೇಖಿಸಿದಷ್ಟನ್ನು ಮಾತ್ರ ತೆಗೆದುಕೊಂಡೆವು, ‘ಮೂಲವನ್ನು ನಾವು ನೋಡಿಲ್ಲ’ ಎಂದು ಪ್ರತಿ ಟಿಪ್ಪಣಿಯ ತಲೆಯಲ್ಲೇ ಬರೆದೆವು. ಇನ್ನೊಂದು ಕಡೆ, ಮೇ 8ರ ರಾತ್ರಿ ನಮ್ಮದೇ ಹಲವು ವಾಹಿನಿಗಳು ಕರಾಚಿ ಬಂದರಿನ ಮೇಲೆ ನೌಕಾಪಡೆ ದಾಳಿ ಮಾಡಿದೆ ಎಂದು ಅಬ್ಬರಿಸಿದವು. ಅದು ಸುಳ್ಳು ಸುದ್ದಿ. ಸ್ವಂತ ದೇಶದ ವಾಹಿನಿಗೂ ಪರದೇಶದ ವಾಹಿನಿಗೂ ಒಂದೇ ತಕ್ಕಡಿ ಹಿಡಿಯಲಾಗದವರು ಈ ಕುರ್ಚಿಯಲ್ಲಿ ಕೂರಬಾರದು. ದೇಶದ ಮೇಲಿನ ಪ್ರೀತಿಗೂ ಇದಕ್ಕೂ ವಿರೋಧವಿಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮಲ್ಲಿ ಉರ್ದು ನೋಡಿಕೊಳ್ಳುವವರು ಹಾಸನದವರೇ, ಇಲ್ಲಿಯೇ ಹುಟ್ಟಿ ಓದಿದವರು. ಅವರ ಪಕ್ಕದ ಮನೆಯವರು ‘ನೀನು ಪಾಕಿಸ್ತಾನದ ಪೇಪರ್ ಏಕೆ ಓದುತ್ತೀಯ’ ಎಂದು ಕೇಳಿದರು ಎಂದು ತಿಳಿದಾಗ ನನಗೆ ತುಂಬ ನೋವಾಯಿತು. ಆ ಬೀದಿಗೆ ನಾನೇ ಹೋಗಿ, ಹಿರಿಯರ ಜೊತೆ ಕುಳಿತು ಕೆಲಸ ಏನೆಂದು ವಿವರಿಸಿ ಬಂದೆ. ಕಚೇರಿಯ ಮುಖ್ಯಸ್ಥರು ಮಾಡಬೇಕಾದ ಕೆಲಸಗಳಲ್ಲಿ ಇದನ್ನು ನಾನು ಬಹಳ ಮೇಲೆ ಇಡುತ್ತೇನೆ. ಪಾಳಿ, ಯುಪಿಎಸ್, ಎರಡು ಕಂಪನಿಯ ಇಂಟರ್ನೆಟ್ ಇವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ.

ಮೌನವನ್ನೂ ದಾಖಲಿಸಬೇಕು. 2025ರ ಜೂನ್ 16ರಂದು ಇರಾನಿನ ಸರ್ಕಾರಿ ಟಿವಿ ಕಟ್ಟಡದ ಮೇಲೆ ಇಸ್ರೇಲಿನ ಬಾಂಬ್ ಬಿದ್ದಾಗ ನೇರ ಪ್ರಸಾರದಲ್ಲಿದ್ದ ವಾರ್ತಾ ವಾಚಕಿ ಎದ್ದು ಹೋಗಬೇಕಾಯಿತು. ಎರಡೇ ದಿನಗಳಲ್ಲಿ ಆ ದೇಶದ ಇಂಟರ್ನೆಟ್ ಬಹುಮಟ್ಟಿಗೆ ನಿಂತುಹೋಯಿತು. ಸುದ್ದಿ ಬರುತ್ತಿಲ್ಲ ಎಂದರೆ ಅಲ್ಲಿ ಏನೂ ನಡೆಯುತ್ತಿಲ್ಲ ಎಂದು ಓದುಗರು ತಿಳಿಯುತ್ತಾರೆ. ಯಾವ ಮೂಲ ಯಾವಾಗಿನಿಂದ ಸಿಗುತ್ತಿಲ್ಲ ಎಂದು ಅವರಿಗೆ ಹೇಳಲೇಬೇಕು.

ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅಮೆರಿಕದ ಸೇನೆ ಇರುವ ಅಲ್ಲಿನ ಅಲ್ ಉದೈದ್ ವಾಯುನೆಲೆಯತ್ತ ಇರಾನಿನ ಕ್ಷಿಪಣಿಗಳು ಹಾರಿದವು. ಮಗ ದೋಹಾದಲ್ಲಿ ಕೆಲಸಕ್ಕಿದ್ದ ತಾಯಿಯೊಬ್ಬರು ಮಳೆಯಲ್ಲಿ ನೆನೆದುಕೊಂಡೇ ಕಚೇರಿಗೆ ಬಂದರು. ಅವರು ಗಿರಾಕಿಯಲ್ಲ, ಆದರೆ ಬಾಗಿಲಲ್ಲಿ ನಿಲ್ಲಿಸುವ ಮಾತೇ ಇಲ್ಲ. ‘ಕತಾರ್ ಸರ್ಕಾರವೇ ಹೇಳಿದೆ ಅಮ್ಮ, ಯಾರಿಗೂ ಏನೂ ಆಗಿಲ್ಲವಂತೆ. ನಾವು ಕಣ್ಣಾರೆ ಕಂಡದ್ದಲ್ಲ, ಅವರು ಹೇಳಿದ್ದು’ ಎಂದು ನಮ್ಮ ಅರಬ್ಬಿ ಬಲ್ಲ ಹುಡುಗ ಓದಿ ಹೇಳಿದ. ‘ಹೇಳಿದ್ದು ಯಾರು ಅಂತ ಗೊತ್ತಾಯಿತಲ್ಲ, ಅಷ್ಟು ಸಾಕಪ್ಪ’ ಎಂದರು. ರಫ್ತುದಾರರಿಗೆ ಕಳಿಸುವ ಟಿಪ್ಪಣಿಗಿಂತ ಒಂದಕ್ಷರವೂ ಬೇರೆಯಾದ ಉತ್ತರವನ್ನು ನಾವು ಅವರಿಗೆ ಕೊಟ್ಟಿರಲಿಲ್ಲ.

ಈ ಕಸುಬು ಹೊಸದೇನಲ್ಲ. ಬಿಬಿಸಿಯ ನಿಗಾ ವಿಭಾಗ ಶುರುವಾದದ್ದು 1939ರಲ್ಲಿ. 1962ರ ಅಕ್ಟೋಬರ್ 28ರಂದು ಕ್ಯೂಬಾದಿಂದ ಕ್ಷಿಪಣಿಗಳನ್ನು ಹಿಂತೆಗೆಯುವ ಸೋವಿಯತ್ ನಾಯಕ ಕ್ರುಶ್ಚೇವ್ ಅವರ ನಿರ್ಧಾರ ಮಾಸ್ಕೋ ರೇಡಿಯೊದಲ್ಲಿ ಬಿತ್ತರವಾದಾಗ ಅದನ್ನು ಆಲಿಸಿ ದಾಟಿಸಿದವರು ಇಂಥ ಕಚೇರಿಗಳಲ್ಲಿ ಕುಳಿತವರೇ.

ನೀವು ಶುರು ಮಾಡುವುದಾದರೆ ಒಂದೇ ದೇಶವನ್ನು ಹಿಡಿಯಿರಿ, ಅದೂ ಗಲಾಟೆ ಇಲ್ಲದ ದಿನಗಳಲ್ಲಿ. ಇರಾನ್ ಆದರೆ, ಅಲ್ಲಿನ ಸುದ್ದಿ ಸಂಸ್ಥೆಗಳಲ್ಲಿ ಇರ್ನಾ ಸರ್ಕಾರದ್ದು, ತಸ್ನೀಮ್ ಮತ್ತು ಫಾರ್ಸ್ ರೆವಲ್ಯೂಷನರಿ ಗಾರ್ಡ್ ಎಂಬ ಸೇನಾಪಡೆಗೆ ಹತ್ತಿರದವು. ಈ ಮೂರೂ ದಿನನಿತ್ಯ ಯಾವ ಧಾಟಿಯಲ್ಲಿ ಮಾತನಾಡುತ್ತವೆ ಎಂಬುದು ಕಿವಿಗೆ ಕೂತಿದ್ದರೆ ಧಾಟಿ ಬದಲಾದ ದಿನ ತಾನಾಗಿ ತಿಳಿಯುತ್ತದೆ. ರಾತ್ರಿ ಪಾಳಿ ಮಾಡಿದವರಿಗೆ ಮರುದಿನ ಕಡ್ಡಾಯವಾಗಿ ರಜೆ ಕೊಡಿ. ಹೆಣಗಳ ವಿಡಿಯೊಗಳನ್ನು ಒಬ್ಬರೇ ಕುಳಿತು ನೋಡುವಂತೆ ಮಾಡಬೇಡಿ. ಉರ್ದು ಬಲ್ಲವರು ಸಿಕ್ಕರೆ ಇರಾನಿನ ಭಾಷೆಯಾದ ಪಾರ್ಸಿ ಕಲಿಸಿ, ಲಿಪಿ ಹೆಚ್ಚುಕಡಿಮೆ ಅದೇ ಆದ್ದರಿಂದ ಬೇಗ ಹಿಡಿಯುತ್ತಾರೆ. ಹಾಸನದಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ, ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.