ತಾತನ ಸ್ಟಾಂಪ್ ಆಲ್ಬಂ ಈಗ ನನ್ನ ಹತ್ತಿರ ಇದೆ. ಮಾರಲಾ, ಇಟ್ಟುಕೊಳ್ಳಲಾ?

ತಾತ ಹೋದ ಮೇಲೆ ಅವರ ಎರಡು ಸ್ಟಾಂಪ್ ಆಲ್ಬಂ, ಬಿಸ್ಕತ್ ಡಬ್ಬಿ ತುಂಬ ಬಿಡಿ ಸ್ಟಾಂಪು, ಒಂದು ಕಟ್ಟು ಹಳೇ ಕವರು ನಿಮ್ಮ ಪಾಲಿಗೆ ಬಂದಿವೆ. ಎಷ್ಟು ಬೆಲೆ ಬಾಳಬಹುದು, ಮಾರಬೇಕಾ, ಹತ್ತು ವರ್ಷದ ಮಗಳ ಕೈಗೆ ಕೊಡಬಹುದಾ ಅಂತ ಕೇಳಿದ್ದೀರಿ. ನನಗೂ ನನ್ನ ತಾಯಿಯ ಅಪ್ಪನಿಂದ ಹೀಗೇ ಬಂತು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು.

ಮೊದಲು ಒಂದು ಮಾತು. ಸದ್ಯಕ್ಕೆ ಏನನ್ನೂ ಕೀಳಬೇಡಿ, ಕತ್ತರಿಸಬೇಡಿ, ಹೊಸ ಆಲ್ಬಂಗೆ ಜೋಡಿಸಬೇಡಿ. ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಅನ್ನೋದು ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ. ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅಂಚಿನಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದಿದ್ದರೆ ಅದೂ ಬರಲಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ತಾತನ ಆಲ್ಬಂನಲ್ಲಿ ಒಂದು ಇಡೀ ಪುಟಕ್ಕೆ ನಾಲ್ಕೇ ಸ್ಟಾಂಪು. ನಾಲ್ಕೂ ಒಂದೇ, ಬಿಡಿಸದೆ ಹಾಗೇ ಜೋಡಿಯಾಗಿವೆ. 15 ನಯಾ ಪೈಸೆಯ ವಿಶ್ವೇಶ್ವರಯ್ಯನವರ ಸ್ಟಾಂಪು. ಅಂಚೆ ಇಲಾಖೆ ಅದನ್ನು ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರ ಹುಟ್ಟುಹಬ್ಬದ ದಿನ. ಆಗ ಅವರು ಇನ್ನೂ ಬದುಕಿದ್ದರು, ತೀರಿಕೊಂಡದ್ದು 1962ರಲ್ಲಿ. ಬದುಕಿರುವವರ ಚಿತ್ರ ಸ್ಟಾಂಪಿನ ಮೇಲೆ ಬರುವುದು ನಮ್ಮಲ್ಲಿ ಬಹಳ ಅಪರೂಪ. ಅವರಿಗಿಂತ ಮುಂಚೆ, 1958ರಲ್ಲಿ, ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದ ಮಹರ್ಷಿ ಕರ್ವೆಯವರಿಗೆ ಆ ಗೌರವ ಸಿಕ್ಕಿತ್ತು. ಸ್ಟಾಂಪಿನ ಕೆಳಗೆ ತಾತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: "ನಮ್ಮ ಕಾರ್ಖಾನೆ ಕಟ್ಟಿದವರು. ಇನ್ನೂ ಇದ್ದಾರೆ." ಮಾರುಕಟ್ಟೆಯಲ್ಲಿ ಈ ಸ್ಟಾಂಪಿಗೆ ದೊಡ್ಡ ಬೆಲೆ ಏನಿಲ್ಲ. ಆದರೆ ಮನೆಯಲ್ಲಿ ಜಾಸ್ತಿ ಮಾತೇ ಆಡದ ಮನುಷ್ಯ ತಾನು ದುಡಿದ ಜಾಗವನ್ನು ಎಷ್ಟು ಹಚ್ಚಿಕೊಂಡಿದ್ದರು ಅಂತ ನನಗೆ ಗೊತ್ತಾದದ್ದು ಆ ಎರಡು ಸಾಲಿನಿಂದ. ಬೇರೆ ಆಲ್ಬಂಗೆ ಜೋಡಿಸಿದ್ದರೆ ಆ ನಾಲ್ಕು ಸ್ಟಾಂಪು ಒಂದು ಕಡೆ, ಬರಹ ಇನ್ನೊಂದು ಕಡೆ ಆಗುತ್ತಿತ್ತು.

ಇನ್ನು ಕವರುಗಳ ಕಟ್ಟು. ನನ್ನ ಪ್ರಕಾರ ನಿಮ್ಮ ಕೈಗೆ ಬಂದದ್ದರಲ್ಲಿ ಅದೇ ಮುಖ್ಯ. ಸ್ಟಾಂಪು ಅಷ್ಟೇ ಬೇಕು ಅಂತ ತುಂಬ ಜನ ಕವರಿನ ಮೂಲೆ ಕತ್ತರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕವರು ಇಡಿಯಾಗಿದ್ದರೆ ಯಾವ ಊರಿನಿಂದ ಯಾವ ಊರಿಗೆ, ಯಾವತ್ತು, ಎಷ್ಟು ಪೈಸೆಗೆ ಹೋಯಿತು ಅನ್ನೋದೆಲ್ಲ ಸೀಲಿನ ಸಮೇತ ಉಳಿಯುತ್ತದೆ. ತಿಳಿದ ಸಂಗ್ರಾಹಕರು ಹುಡುಕುವುದೂ ಇದನ್ನೇ.

ನನ್ನ ಹತ್ತಿರ ಇರುವ ಒಂದನ್ನು ಹೇಳುತ್ತೇನೆ. 1971ರ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ದೊಡ್ಡಮ್ಮ ಬರೆದ ಕಾಗದ. ಮಾಮೂಲಿ ಸ್ಟಾಂಪಿನ ಪಕ್ಕ ಇನ್ನೊಂದು ಐದು ಪೈಸೆಯದು ಇದೆ, ಅದರ ಮೇಲೆ 'ರೆಫ್ಯೂಜಿ ರಿಲೀಫ್' ಅಂತ ಒತ್ತಿದೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಬಂದ ನಿರಾಶ್ರಿತರಿಗಾಗಿ ಸರ್ಕಾರ ಆ ವರ್ಷ ನವೆಂಬರ್ 15ರಿಂದ ಟಪಾಲಿನ ಮೇಲೆ ಐದು ಪೈಸೆ ತೆರಿಗೆ ಹಾಕಿತ್ತು. 1973ರ ಮಾರ್ಚ್‌ವರೆಗೂ ಅದು ಇತ್ತು. ಮೊದಮೊದಲು ಬೇಕಾದಷ್ಟು ಸ್ಟಾಂಪು ಸಿದ್ಧವಿರದೆ ಕೆಲವು ಕಡೆ ಇದ್ದ ಸ್ಟಾಂಪಿನ ಮೇಲೇ ಸ್ಥಳೀಯವಾಗಿ ಅಕ್ಷರ ಒತ್ತಿ ಮಾರಿದರು. ಒಳಗಿನ ಕಾಗದದಲ್ಲಿ ದೊಡ್ಡಮ್ಮ ಯುದ್ಧದ ಬಗ್ಗೆ ಒಂದೇ ಸಾಲು ಬರೆದಿದ್ದಾರೆ, ರಾತ್ರಿ ದೀಪ ಆರಿಸಬೇಕು ಅಂತ. ಉಳಿದದ್ದೆಲ್ಲ ಸೀಮೆಎಣ್ಣೆ, ಮಗುವಿನ ಕೆಮ್ಮು, ಮತ್ತೆ ಅಮ್ಮನಿಗೆ ಕಳಿಸುವ ಸೀರೆ. ನಿಮ್ಮ ಕಟ್ಟಿನಲ್ಲೂ ಒಳಗೆ ಕಾಗದ ಇದೆಯಾ ನೋಡಿ. ಇದ್ದರೆ ಆಯಾ ಕವರಿನಲ್ಲೇ ಇರಲಿ.

ಬೆಲೆಯ ವಿಷಯ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹಳೆಯದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಕೋಟಿಗಟ್ಟಲೆ ಅಚ್ಚಾದದ್ದಾದರೆ ಇಂದಿಗೂ ಸಸ್ತಾ. ಬಣ್ಣಬಣ್ಣದ ದೊಡ್ಡ ವಿದೇಶಿ ಸ್ಟಾಂಪುಗಳನ್ನು ತಿರುಗಿಸಿ ನೋಡಿ. ಮುಂದೆ ಸೀಲು ಬಿದ್ದಿದ್ದು ಹಿಂದೆ ಗೋಂದು ಪೂರ್ತಿ ಹಾಗೇ ಇದ್ದರೆ, ಅದು ಟಪಾಲಿಗೆ ಹೋದದ್ದೇ ಅಲ್ಲ. ಸಂಗ್ರಾಹಕರಿಗೆ ಪ್ಯಾಕೆಟ್‌ನಲ್ಲಿ ಮಾರಲು ಅಂತಲೇ ಎಷ್ಟೋ ದೇಶಗಳು ಸೀಲು ಹೊಡೆದು ಕೊಡುತ್ತಿದ್ದವು. ಮಕ್ಕಳಿಗೆ ಖುಷಿ ಕೊಡುತ್ತವೆ, ದುಡ್ಡು ಕೊಡುವುದಿಲ್ಲ.

ಗಾಂಧೀಜಿಯವು ಇದ್ದರೆ ಮಾತ್ರ ಹುಷಾರಾಗಿ ನೋಡಿ. 1948ರ ಆಗಸ್ಟ್ 15ರಂದು ನಾಲ್ಕು ಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಅವುಗಳ ಮೇಲೆ ಹಿಂದಿ, ಉರ್ದು ಎರಡರಲ್ಲೂ 'ಬಾಪೂ' ಅಂತ ಇದೆ. ಆ ಕಾಲಕ್ಕೆ ಹತ್ತು ರೂಪಾಯಿ ಅಂದರೆ ಸಂಬಳದಲ್ಲಿ ದೊಡ್ಡ ಪಾಲು, ಒಂದು ಸ್ಟಾಂಪಿಗೆ ಅಷ್ಟು ಕೊಡುವವರು ಕಡಿಮೆ ಇದ್ದರು. ಅದಕ್ಕೇ ಅದಕ್ಕೆ ಇವತ್ತು ಬೇಡಿಕೆ. ಅದಕ್ಕೇ ನಕಲಿಯೂ ಜಾಸ್ತಿ. ಅಸಲಿ ಹೌದೋ ಅಲ್ಲವೋ ಅಂತ ಬಲ್ಲವರಿಂದ ಪರೀಕ್ಷೆ ಮಾಡಿಸದೆ ಮಾರುವುದೂ ಬೇಡ, ಖುಷಿಪಡುವುದೂ ಬೇಡ.

ಯಾರಿಗೆ ತೋರಿಸಬೇಕು? ಬೆಂಗಳೂರಿನಲ್ಲಿ ಸ್ಟಾಂಪ್ ಸಂಗ್ರಾಹಕರ ಸಂಘ ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಇದೆ, ಅಲ್ಲಿ ವರ್ಷಗಟ್ಟಲೆ ಇದೇ ಹುಚ್ಚು ಹಿಡಿದವರು ಸಿಗುತ್ತಾರೆ. ಅಂಚೆ ಇಲಾಖೆಯ 'ಕರ್ನಾಪೆಕ್ಸ್' ಸ್ಟಾಂಪ್ ಪ್ರದರ್ಶನ ನಡೆದಾಗಲೂ ಹೋಗಿ ಬನ್ನಿ. ಒಬ್ಬರ ಮಾತಿಗೇ ನಿಲ್ಲಬೇಡಿ. ಆಲ್ಬಂ ಬಿಟ್ಟು ಹೋಗಿ, ಆಮೇಲೆ ಹೇಳ್ತೀನಿ ಅಂದರೆ ಖಂಡಿತ ಬಿಟ್ಟು ಬರಬೇಡಿ. ಸ್ಟಾಂಪುಗಳ ಬೆಲೆಪಟ್ಟಿಯ ಪುಸ್ತಕ, ಅಂದರೆ ಕ್ಯಾಟಲಾಗಿನಲ್ಲಿ ಇರುವ ಬೆಲೆಗೂ ಅಂಗಡಿಯವರು ಕೈಗೆ ಕೊಡುವ ಬೆಲೆಗೂ ಬಹಳ ಅಂತರ ಇರುತ್ತದೆ, ಅದು ಮೋಸ ಅಂತಲ್ಲ, ವ್ಯಾಪಾರವೇ ಹಾಗೆ.

ಇಟ್ಟುಕೊಳ್ಳುವುದಾದರೆ ನಮ್ಮ ಮಳೆಗಾಲವೇ ದೊಡ್ಡ ಶತ್ರು. ತೇವಕ್ಕೆ ಗೋಂದು ಕರಗಿ ಸ್ಟಾಂಪು ಪುಟಕ್ಕೆ ಅಂಟಿಕೊಳ್ಳುತ್ತದೆ, ಕಂದು ಚುಕ್ಕೆ ಏಳುತ್ತದೆ. ಆಲ್ಬಂ ಮಲಗಿಸಬೇಡಿ, ನಿಲ್ಲಿಸಿ ಇಡಿ. ಹೊರಗೋಡೆಗೆ ತಾಗಿದ ಬೀರು ಬೇಡ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಾಯಿಸಿ. ಒಣ ಹವೆಯ ದಿನ ಪುಟ ತೆರೆದು ಗಾಳಿಯಾಡಿಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಸೆಲ್ಲೋಟೇಪ್, ಲ್ಯಾಮಿನೇಷನ್, ಅಂಟುವ ಪುಟದ ಫೋಟೋ ಆಲ್ಬಂ ಮೂರೂ ಹತ್ತಿರ ಸುಳಿಯದಿರಲಿ.

ಅಣ್ಣ ತಮ್ಮಂದಿರು ಪಾಲು ಕೇಳಿದರೆ? ನಮ್ಮಲ್ಲೂ ಪುಟ ಪುಟ ಹರಿದು ಹಂಚೋಣ ಅನ್ನುವ ಮಾತು ಬಂತು. ಕೊನೆಗೆ ಆಲ್ಬಂ ನನ್ನ ಹತ್ತಿರ ಉಳಿಯಿತು, ಎಲ್ಲ ಕಾಗದಗಳನ್ನೂ ಸ್ಕ್ಯಾನ್ ಮಾಡಿ ಮಾವಂದಿರಿಗೆಲ್ಲ ಕಳಿಸಿದೆ. ದೊಡ್ಡಮ್ಮನ ಆ ಕಾಗದವನ್ನು ಓದಿ ನಮ್ಮ ಚಿಕ್ಕ ಮಾವ ಫೋನ್ ಮಾಡಿದರು. ಆ ಕೆಮ್ಮಿನ ಮಗು ಅವರೇ ಅಂತೆ.

ಮಗಳಿಗೆ ಆ ಬಿಸ್ಕತ್ ಡಬ್ಬಿ ಧಾರಾಳವಾಗಿ ಕೊಡಿ. ನೀವು ಒಮ್ಮೆ ಕಣ್ಣಾಡಿಸಿ ಅನುಮಾನ ಬಂದದ್ದನ್ನು ತೆಗೆದಿಡಿ, ಉಳಿದದ್ದು ಅವಳದು. ತುದಿ ಚೂಪಿಲ್ಲದ ಒಂದು ಚಿಮಟ ಕೊಡಿಸಿ. ದೇಶಗಳ ಹೆಸರು ಹುಡುಕಲು ಬಿಡಿ. 'ಹೆಲ್ವೆಷಿಯಾ' ಅಂದರೆ ಸ್ವಿಟ್ಜರ್ಲೆಂಡ್, 'ಮಗ್ಯಾರ್ ಪೋಸ್ಟಾ' ಅಂದರೆ ಹಂಗೇರಿ, ಹೆಸರೇ ಇಲ್ಲದೆ ಬರೀ ರಾಜ ರಾಣಿಯ ತಲೆ ಇದ್ದರೆ ಬ್ರಿಟನ್. ಕಾಗದದ ತುಂಡಿಗೆ ಅಂಟಿಕೊಂಡೇ ಇರುವ ಬಿಡಿ ಸ್ಟಾಂಪುಗಳನ್ನು ತಣ್ಣೀರಿನಲ್ಲಿ ತೇಲಿಬಿಡಿ, ಸ್ವಲ್ಪ ಹೊತ್ತಿಗೆ ತಾವೇ ಬಿಡುತ್ತವೆ. ಎಳೆಯಬಾರದು. ಬಣ್ಣದ ಕಾಗದದ ಮೇಲಿನವನ್ನು ಬೇರೆ ಬಟ್ಟಲಿಗೆ ಹಾಕಿ, ಇಲ್ಲದಿದ್ದರೆ ಬಣ್ಣ ಬಿಟ್ಟು ಎಲ್ಲಕ್ಕೂ ಹತ್ತುತ್ತದೆ. ಕವರುಗಳ ಕಟ್ಟನ್ನು ಮಾತ್ರ ನೀರಿನ ಹತ್ತಿರ ತರಬೇಡಿ. ಅದರ ಒಂದೆರಡು ಫೋಟೋ ಇಲ್ಲಿ ಹಾಕಿ, ಸೀಲು ಓದಲು ಬರುವಷ್ಟು ಹತ್ತಿರದಿಂದ. ವಿಳಾಸ ಮಾತ್ರ ಮುಚ್ಚಿ. ನೋಡಿ ಹೇಳುತ್ತೇನೆ.