ಬರ್ಚ್ ಮರದಲ್ಲಿ ಬಿಲ್ಲು ಆಗುತ್ತಾ?

ಪ್ರಶ್ನೆ: ಊರು ಹಾಸನ, ಈಗ ಇರುವುದು ಫಿನ್ಲೆಂಡ್‌ನ ಎಸ್ಪೂನಲ್ಲಿ. ಮರದ ಬಿಲ್ಲು ಮಾಡುವ ಹುಚ್ಚು ಹಿಡಿದಿದೆ. ಯೂ ಮರ, ಆಷ್ ಮರ ಬೇಕು ಅಂತಾರೆ, ಇಲ್ಲಿ ನೋಡಿದ ಕಡೆಯೆಲ್ಲ ಬರ್ಚ್. ಅಂಗಡಿಯಿಂದ ಬರ್ಚ್ ಹಲಗೆ ತಂದು ಮಾಡಿದ ಬಿಲ್ಲು ಮೂರನೇ ಸಲ ಎಳೆಯುವಷ್ಟರಲ್ಲಿ ಲಟ್ಟಂತ ಮುರಿಯಿತು. ಪಕ್ಕದ ಮನೆಯವರು ಹಿತ್ತಲಿನ ಬರ್ಚ್ ಕಡಿಸುತ್ತಿದ್ದಾರೆ, ಬೇಕಾದರೆ ತಗೋ ಅಂದರು. ತಗೊಳ್ಳಲಾ?

ಉತ್ತರ: ಧಾರಾಳವಾಗಿ ತಗೊಳ್ಳಿ. ನಿಮ್ಮ ಬಿಲ್ಲು ಮುರಿದದ್ದಕ್ಕೆ ಬರ್ಚ್‌ಗಿಂತ ಆ ಹಲಗೆಯ ಮೇಲೇ ನನಗೆ ಅನುಮಾನ ಜಾಸ್ತಿ. ಗರಗಸಕ್ಕೆ ನಾರಿನ ದಾರಿ ಗೊತ್ತಿಲ್ಲ, ಅದು ನೇರ ಕೊಯ್ದುಕೊಂಡು ಹೋಗುತ್ತದೆ, ನಾರು ಎಲ್ಲಿ ಹಲಗೆಯಿಂದ ಹೊರಗೆ ಓಡಿತೋ ಅಲ್ಲೇ ಬಿಲ್ಲು ಸೀಳುತ್ತದೆ. ಬರ್ಚ್‌ನ ಬೆಳವಣಿಗೆಯ ಉಂಗುರಗಳು ಆಷ್‌ನಷ್ಟು ಎದ್ದು ಕಾಣುವುದೂ ಇಲ್ಲ, ಹಾಗಾಗಿ ಹಲಗೆ ನೋಡಿ ನಾರಿನ ದಾರಿ ತಿಳಿಯುವುದು ಕಷ್ಟ.

ಅಲ್ಲಿ ಬರ್ಚ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಬುಡದ ತೊಗಟೆ ಕಪ್ಪಗೆ ಒರಟಾಗಿ ಬಿರಿದು, ಕಡ್ಡಿಗಳು ಜೋತುಬಿದ್ದಿದ್ದರೆ ಫಿನ್ನಿಷ್‌ನಲ್ಲಿ ರೌದುಸ್‌ಕೊಯ್ವು ಅನ್ನುವುದು, ಇನ್ನೊಂದು ಹಿಯೆಸ್‌ಕೊಯ್ವು. ಮೊದಲನೆಯದು ಸ್ವಲ್ಪ ಗಟ್ಟಿ, ಆದರೆ ಜಾತಿಗಿಂತ ಆ ಒಂದು ಮರ ಹೇಗಿದೆ ಅನ್ನುವುದೇ ಮುಖ್ಯ. ಎರಡು ಮೀಟರ್ ನೇರ ಕಾಂಡ ಬೇಕು, ತಿರುಚಿಕೊಂಡಿರಬಾರದು. ಬಿಳಿ ತೊಗಟೆಯ ಮೇಲೆ ಇಳಿಬಿಟ್ಟ ಕಪ್ಪು ಮೀಸೆಯಂಥ ಗುರುತು ಕಂಡರೆ ಅಲ್ಲಿ ಹಿಂದೆ ಕೊಂಬೆ ಇತ್ತು, ಒಳಗೆ ಗಂಟು ಇದೆ ಅಂತ. ಮೀಸೆ ಇಲ್ಲದ ಪಕ್ಕ ನೋಡಿಕೊಳ್ಳಿ.

ಕಡಿದ ಮೇಲೆ ಸುಮ್ನೆ ಬಿಡಬೇಡಿ. ಈ ತೊಗಟೆ ನೀರು ಬಿಡುವುದಿಲ್ಲ (ನಮ್ಮ ಭೂರ್ಜಪತ್ರದ ಮರ ಇದರ ಹಿಮಾಲಯದ ನೆಂಟ), ಹಾಗಾಗಿ ಒಳಗಿನ ತೇವ ಅಲ್ಲೇ ನಿಂತು, ಹೊರಗೆ ಬೆಳ್ಳಗೆ ಚೆಂದ ಕಾಣುತ್ತಿರುವಾಗಲೇ ಮರ ಒಳಗೆ ಪುಡಿಯಾಗುತ್ತದೆ. ಬೆಣೆ ಹೊಡೆದು ಸೀಳಿ, ಆಗ ನಾರಿನ ದಾರಿ ತಾನೇ ಕಾಣುತ್ತದೆ. ತೊಗಟೆ ಸುಲಿದು ಎರಡು ತುದಿಗೂ ಫೆವಿಕಾಲ್‌ನಂಥ ಅಂಟು ಬಳಿದು ನೆರಳಲ್ಲಿ ನಿಧಾನ ಒಣಗಿಸಿ. ಸೌನಾ (ಬಿಸಿಹಬೆ ಸ್ನಾನದ ಕೋಣೆ) ಇದೆ ಅಂತ ಅಲ್ಲಿಡಬೇಡಿ, ಬಿರುಕು ಬಿಡುತ್ತದೆ. ತೊಗಟೆಯ ಕೆಳಗೆ ಸಿಗುವ ಆ ನುಣುಪು ಮೈಯೇ ಬಿಲ್ಲಿನ ಬೆನ್ನು (ಎಳೆಯುವಾಗ ನಿಮ್ಮಿಂದ ಆಚೆಗಿರುವ ಪಕ್ಕ), ಅದಕ್ಕೆ ಉಳಿ ತಾಗಿಸಲೇಬೇಡಿ.

ಬರ್ಚ್ ಎಳೆತಕ್ಕೆ ಗಟ್ಟಿ, ಒತ್ತಡಕ್ಕೆ ಅಷ್ಟಿಲ್ಲ. ಉತ್ತರದ ಸಾಮಿ ಜನ ಇದನ್ನು ಚೆನ್ನಾಗಿ ತಿಳಿದಿದ್ದರು: ಎಳೆತ ಬೀಳುವ ಬೆನ್ನಿಗೆ ಬರ್ಚ್, ಒತ್ತಡ ಬೀಳುವ ಹೊಟ್ಟೆಗೆ (ಎಳೆಯುವವರ ಕಡೆಗಿನ ಪಕ್ಕಕ್ಕೆ) ವಾಲಿ ಬೆಳೆದ ಪೈನ್ ಮರದ ಅಡಿಭಾಗದ ಗಟ್ಟಿ ಮರ, ಎರಡನ್ನೂ ಮೀನಿನ ಚರ್ಮದ ಅಂಟಿನಿಂದ ಕೂಡಿಸಿ ಮೇಲೆ ಬರ್ಚ್ ತೊಗಟೆ ಸುತ್ತುತ್ತಿದ್ದರು. ನೀವು ಬರೀ ಬರ್ಚ್‌ನಲ್ಲೇ ಮಾಡುವುದಾದರೆ ಬಿಲ್ಲು ಅಗಲವಾಗಿ ಚಪ್ಪಟೆಯಾಗಿರಲಿ, ಸುಮಾರು 5 ಸೆಂ.ಮೀ. ಅಗಲ, 175 ಸೆಂ.ಮೀ. ಉದ್ದ. ಕಿರಿದಾಗಿ ದಪ್ಪಗೆ ಮಾಡಿದರೆ ಹೆದೆ ಬಿಚ್ಚಿದ ಮೇಲೂ ಬಾಗಿಕೊಂಡೇ ಇರುತ್ತದೆ.

ಕಾಡಿನಲ್ಲಿ ಬಿದ್ದ ಮರ ಸಿಕ್ಕಿತು ಅಂತ ಎತ್ತಿಕೊಂಡು ಬರಬೇಡಿ. ಅಲ್ಲಿ ಹಣ್ಣು, ಅಣಬೆ ಯಾರು ಬೇಕಾದರೂ ಕೀಳಬಹುದು, ಮರಕ್ಕೆ ಮಾತ್ರ ಜಾಗದ ಮಾಲೀಕರ ಒಪ್ಪಿಗೆ ಬೇಕು. ಮತ್ತೆ ಪಕ್ಕದವರು ಮರ ಕಡಿಸುವ ದಿನ ರಜೆ ಹಾಕಿಯಾದರೂ ಅಲ್ಲಿರಿ, ಇಲ್ಲದಿದ್ದರೆ ಸೌನಾ ಒಲೆಗೆ ಅಂತ ಮೊಳದುದ್ದ ತುಂಡು ಮಾಡಿಬಿಟ್ಟಾರು.